ಎಂಬತ್ತೆಂಟನೆಯ ಬತ್ತಿ

“ಪಿಯಾನೋ ತರೋದು ನನ್ನ ಜಿಮ್ಮಾ. ಯಾರೂ ಫಿಕರ್ ಮಾಡಬ್ಯಾಡ್ರಿ.”

ತಾಂಡೂರಿನ ಸಂಗೀತೋತ್ಸವ ಸಮಿತಿಯ ಸಭೆಯಲ್ಲಿ ರೇವಪ್ಪನವರು ಎದ್ದು ನಿಂತು ಹೀಗೆ ಘೋಷಿಸಿದಾಗ ಕಾರ್ಯದರ್ಶಿ ಸಂಜೀವಕುಮಾರರಿಗೆ ಹೋದ ಜೀವ ಬಂದಂತಾಯಿತು. ಹನ್ನೊಂದು ವರ್ಷಗಳ ಉತ್ಸವದಲ್ಲಿ ಇದುವರೆಗೆ ಬಂದ ಅತಿ ಭಾರದ ವಾದ್ಯವೆಂದರೆ ಹಾರ್ಮೋನಿಯಂ. ಅದನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬರೇ ಆಟೋದಿಂದ ಇಳಿಯಬಹುದು. ಪಿಯಾನೋ ಹಾಗಲ್ಲ. ಮೂರು ಕಾಲು, ಎಮ್ಮೆಯಷ್ಟು ತೂಕ, ಒಳಗೆ ಇನ್ನೂರಕ್ಕೂ ಮೇಲೆ ತಂತಿ! ಹೈದರಾಬಾದಿನಿಂದ ಅದನ್ನು ಯಾರು ಹೇರಿಕೊಂಡು ಬರಬೇಕು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದ ಶುಭ ಗಳಿಗೆಯಲ್ಲಿ ಈ ಮಹಾಪುರುಷರು ಎದ್ದಿದ್ದರು.

ಎದ್ದವರಿಗೆ ಅರ್ಹತೆ ಇರಲಿಲ್ಲ ಎನ್ನುವಂತಿಲ್ಲ. ರೇವಪ್ಪನವರದು ಬಂಡೆ ಪಾಲಿಶ್ ಮಾಡುವ ಯೂನಿಟ್. ಅರ್ಧ ತೆಲಂಗಾಣದ ಜನ ಅವರು ನುಣುಪು ಮಾಡಿದ ನೆಲದ ಮೇಲೆ ಕೂತು ಉಂಡಿದ್ದಾರೆ ಎಂದು ಅವರ ಅಂದಾಜು. ಬಂಡೆಗಳನ್ನು ಗಾಡಿಗೆ ಹೇರುವುದರಲ್ಲಿ ಅವರದೇ ಒಂದು ಶಾಸ್ತ್ರವಿದೆ. ಅದರ ಮೊದಲ ಸೂತ್ರ, ಒಂದಕ್ಕೊಂದು ತಾಗಬಾರದು. ಪಾಲಿಶ್ ಆದ ಎರಡು ಮುಖಗಳ ನಡುವೆ ಚೂರು ಗೋಣಿಯೋ ಹುಲ್ಲೋ ಇರಲೇಬೇಕು, ಇಲ್ಲದಿದ್ದರೆ ದಾರಿಯುದ್ದಕ್ಕೂ ತಿಕ್ಕಾಡಿ ಗೀರು ಬೀಳುತ್ತದೆ. ನಲವತ್ತು ವರ್ಷಗಳಲ್ಲಿ ತಮ್ಮ ಒಂದೇ ಒಂದು ಬಂಡೆಯ ಮೂಲೆ ಮುಕ್ಕಾಗಿಲ್ಲ ಎಂದು ಅವರು ಹೇಳುವುದುಂಟು. ಆ ಹೊತ್ತಿಗೆ ಯೂನಿಟ್ಟಿನ ಮೇಸ್ತ್ರಿ ಮಾಣಿಕ ಪಕ್ಕದಲ್ಲಿದ್ದರೆ ಅವನಿಗೆ ಕೆಮ್ಮು ಬರುವುದೂ ಉಂಟು.

ಎರಡನೆಯ ಅರ್ಹತೆ ಅವರ ಕಿವಿ. ಬಂಡೆಯ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದರೆ ಸಾಕು. ಗಟ್ಟಿ ಬಂಡೆ ಖಣ್ ಅನ್ನುತ್ತದೆ, ಒಳಗೆ ಬಿರುಕಿದ್ದರೆ ಬೊದ್ ಅನ್ನುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕನ್ನೂ ರೇವಪ್ಪನವರ ಕಿವಿ ಬಿಡುವುದಿಲ್ಲ. ಸಂಗೀತದ ಗಂಧವಿಲ್ಲದಿದ್ದರೂ ಸಂಗೀತೋತ್ಸವ ಸಮಿತಿಯಲ್ಲಿ ಕೂರುವ ಧೈರ್ಯ ಅವರಿಗೆ ಬಂದದ್ದು ಈ ಕಿವಿಯಿಂದಲೇ.

ಈ ಬಾರಿ ಪಿಯಾನೋ ಬಾರಿಸಲಿದ್ದವಳು ಪ್ರೇಮಲಾ, ರೇವಪ್ಪನವರ ಹೆಂಡತಿ ಶಾಂತಾಬಾಯಿಯವರ ಅಣ್ಣನ ಮಗಳು. ಹೈದರಾಬಾದಿನಲ್ಲಿ ಒಬ್ಬ ಮುದುಕಿ ಟೀಚರ ಹತ್ತಿರ ಹದಿನಾಲ್ಕು ವರ್ಷ ಕಲಿತವಳು. ಟೀಚರಿಗೆ ವಯಸ್ಸಾಗಿ ಬೆರಳು ನಡುಗತೊಡಗಿದ ಮೇಲೆ, ತಾವು ಐವತ್ತು ವರ್ಷ ನುಡಿಸಿದ ಪಿಯಾನೋವನ್ನು ಶಿಷ್ಯೆಗೆ ಕೊಟ್ಟುಬಿಟ್ಟಿದ್ದರು. ಪ್ರೇಮಲಾಳಿಗೆ ತಾಂಡೂರಿನಲ್ಲೇ ಮಕ್ಕಳಿಗೆ ಕಲಿಸುವ ಆಸೆ. ರೇವಪ್ಪನವರ ಮನೆಯ ಪಡಸಾಲೆಯಲ್ಲಿ ಕ್ಲಾಸು ಎಂದು ಮಾತಾಗಿತ್ತು. ಆದರೆ ಊರಿನ ತಂದೆತಾಯಿಗಳು ಹೂಂ ಅನ್ನಬೇಕಲ್ಲ! ಅದನ್ನು ಕಲಿತು ಏನು ಮಾಡುವುದು, ಮದುವೆ ಮೆರವಣಿಗೆಯಲ್ಲಿ ಅದು ನಡೆಯುತ್ತದೆಯೇ ಎಂದು ಕೇಳಿದವರಿದ್ದರು. ಭಾನುವಾರದ ಕಛೇರಿ ಕೇಳಿ ಜನ ಮೆಚ್ಚಿದರೆ ಕ್ಲಾಸು ಉಂಟು, ಇಲ್ಲವಾದರೆ ಇಲ್ಲ. ಒಂದೇ ಸಂಜೆಯ ಮೇಲೆ ಆ ಹುಡುಗಿಯ ಹದಿನಾಲ್ಕು ವರ್ಷ ನಿಂತಿತ್ತು.

ಶಾಂತಾಬಾಯಿಯವರಿಗೆ ಇದೆಲ್ಲ ಗೊತ್ತಿತ್ತು. ಗಂಡನೂ ಗೊತ್ತಿದ್ದರು. ಹೀಗಾಗಿ ಬೀಗರ ಮನೆಯ ಕೂಸಿನ ತೊಟ್ಟಿಲ ಕಾರ್ಯಕ್ಕೆಂದು ಮಂಗಳವಾರ ಕೊಡಂಗಲ್ಲಿಗೆ ಹೊರಡುವ ಮುಂಚೆ ಅವರು ಬಾಗಿಲಲ್ಲಿ ನಿಂತು ಹೇಳಿದ ಮಾತು ಒಂದೇ.

“ಹೊರಗಿಂದ ಹೊತ್ಕೊಂಡು ಬರ್ರಿ. ಅದರ ಒಳಗ ಮಾತ್ರ ಕೈ ಹಾಕಬ್ಯಾಡ್ರಿ.”

“ಬಂಡಿ ಸಾಗಿಸಿದಂವಗ ಪೆಟಗಿ ಸಾಗಸೋದು ಕಲಸ್ತಿ?” ಎಂದರು ರೇವಪ್ಪನವರು.

ಬುಧವಾರ ನಸುಕಿನಲ್ಲಿ ಸಾಮಾನು ಸಾಗಿಸುವ ಡಿಸಿಎಂ ವ್ಯಾನು ಮನೆ ಮುಂದೆ ಬಂದು ನಿಂತಿತು. ಗೋಣಿ, ಹುಲ್ಲು, ಹಗ್ಗ ಎಲ್ಲ ಒಳಗಿತ್ತು. ಆದರೆ ರೇವಪ್ಪನವರು ದೂರದೃಷ್ಟಿಯವರು. ಸಂಗೀತದ ಸಾಮಾನು ಅಂದ ಮೇಲೆ ಒಂದಿಷ್ಟು ಮೆತ್ತನೆಯ ಬಟ್ಟೆಯೂ ಇರಲಿ ಎಂದು ಹೆಂಡತಿಯ ಟ್ರಂಕು ತೆರೆದರು. ಮೇಲಿನ ಸೀರೆಗಳನ್ನು ಮುಟ್ಟುವಷ್ಟು ದಡ್ಡರು ಅವರಲ್ಲ. ಅವರ ಯೂನಿಟ್ಟಿನಲ್ಲಿ ಸಾಲಿನ ಎಲ್ಲಕ್ಕಿಂತ ಕೆಳಗೆ ಬಿದ್ದ ಬಂಡೆ ಎಂದರೆ ಯಾರಿಗೂ ಬೇಡದ ಬಂಡೆ. ಬೇಕಾದದ್ದು ಮೇಲಿರುತ್ತದೆ, ಬೇಡಾದದ್ದು ತಳ ಸೇರುತ್ತದೆ, ಇದು ನಲವತ್ತು ವರ್ಷಗಳ ಅನುಭವ. ಟ್ರಂಕಿನ ತಳದಲ್ಲಿ ಹಳೇ ಪಂಚೆಯೊಂದರಲ್ಲಿ ಸುತ್ತಿ ಬೇವಿನ ಎಲೆ ಉದುರಿಸಿಟ್ಟಿದ್ದ ಬದನೆಕಾಯಿ ಬಣ್ಣದ ಸೀರೆ ಸಿಕ್ಕಿತು. ಹಳದಿ ಅಂಚು, ಬೆಣ್ಣೆಯಂಥ ಮೆತ್ತನೆ. ಇದಕ್ಕಿಂತ ಬೇಡಾದ ಸೀರೆ ಮನೆಯಲ್ಲಿ ಇನ್ನೊಂದಿರಲಾರದು ಎಂದುಕೊಂಡು ಅದನ್ನು ಬಗಲಿಗೆ ಹಾಕಿಕೊಂಡರು.

ಹೈದರಾಬಾದಿನಲ್ಲಿ ಎಲ್ಲ ಸರಾಗವಾಗಿ ನಡೆಯಿತು. ಟೀಚರ ಮನೆಗೆ ಪಿಯಾನೋ ಶ್ರುತಿ ಮಾಡುವ ಮುದುಕರೊಬ್ಬರು ಬಂದಿದ್ದರು. ಅವರು ಮೂರು ಕಾಲು ಬಿಚ್ಚಿ, ಪಿಯಾನೋವನ್ನು ಅಡ್ಡ ನಿಲ್ಲಿಸಿ, ಹೊರಗೆಲ್ಲ ಕಂಬಳಿ ಸುತ್ತಿಸಿ, ನಾಳೆ ತಾಂಡೂರಿಗೆ ಬಂದು ಕಾಲು ಜೋಡಿಸಿ ಶ್ರುತಿ ಮಾಡುವುದಾಗಿ ಹೇಳಿ ಚಹ ಕುಡಿಯಲು ಒಳಗೆ ಹೋದರು. ಒಳಗೆ ಟೀಚರು ಮತ್ತು ಪ್ರೇಮಲಾ ಬೀಳ್ಕೊಡುವ ಸಂಕಟದಲ್ಲಿ ಅಳುತ್ತಿದ್ದರು. ಹೊರಗೆ ಉಳಿದವರು ರೇವಪ್ಪನವರು, ಮಾಣಿಕ ಮತ್ತು ಪಿಯಾನೋ.

ರೇವಪ್ಪನವರು ಕಂಬಳಿ ಸರಿಸಿ ಮುಚ್ಚಳ ಎತ್ತಿ ಒಳಗೆ ಇಣುಕಿದರು. ಇಣುಕಿದವರು ದಂಗಾದರು. ಸಾಲಾಗಿ ತಂತಿ, ಮಗ್ಗುಲಿಗೆ ತಂತಿ, ಕೆಳಗೆ ಸುತ್ತಿಗೆಗಳ ದಂಡು! ಎಲ್ಲವೂ ಒಂದಕ್ಕೊಂದು ಬೆರಳಗಲ ದೂರದಲ್ಲಿವೆ, ನಡುವೆ ಒಂದು ಚಿಂದಿಯೂ ಇಲ್ಲ! ಹೊರಗೆ ಆರು ಕಂಬಳಿ ಸುತ್ತಿದ ಮನುಷ್ಯ ಒಳಗೆ ಹೀಗೆ ಬರಿದಾಗಿ ಬಿಟ್ಟಿದ್ದಾನಲ್ಲ ಎಂದು ಅವರಿಗೆ ಆ ಮುದುಕರ ಮೇಲೆ ಕನಿಕರವೇ ಬಂತು. ಒಳಗೆ ಕೈ ಹಾಕಬೇಡಿ ಎಂದ ಹೆಂಡತಿಯ ಮಾತು ನೆನಪಾಯಿತು. ಆದರೆ ಶಾಸ್ತ್ರ ಹೆಂಡತಿಗಿಂತ ದೊಡ್ಡದು. ಸೀರೆಯನ್ನು ಪರ್ರನೆ ಹರಿದರು. ಮಾಣಿಕ ಹರಿದ ಪಟ್ಟಿಗಳನ್ನು ದೀಪದ ಬತ್ತಿ ಹೊಸೆದಂತೆ ಹೊಸೆದು ಕೊಟ್ಟ, ಇವರು ಬೆರಳಿನಿಂದ ಒತ್ತುವ ಒಂದೊಂದು ಮನೆಗೆ ಒಂದೊಂದರಂತೆ ತಂತಿಗಳ ನಡುವೆ ತುರುಕಿದರು. ಬಿಳಿ ಕರಿ ಸೇರಿ ಎಂಬತ್ತೆಂಟು ಮನೆ, ಎಂಬತ್ತೆಂಟು ಬತ್ತಿ. ಮುದುಕರು ಚಹ ಮುಗಿಸಿ ಬರುವಷ್ಟರಲ್ಲಿ ಮುಚ್ಚಳ ಬಿದ್ದು ಕಂಬಳಿ ಮೊದಲಿನಂತೆ ಕೂತಿತ್ತು.

ಹಾಕುವಾಗ ಎಣಿಸಿದವರು ತೆಗೆಯುವಾಗ ಎಣಿಸಲಿಲ್ಲ. ಸಂಜೆ ತಾಂಡೂರಿನ ಫಂಕ್ಷನ್ ಹಾಲಿನ ಪಕ್ಕದ ಕೋಣೆಯಲ್ಲಿ ಪಿಯಾನೋ ಇಳಿಸಿ, ಬತ್ತಿಗಳನ್ನು ಹಿರಿದು ಚೀಲಕ್ಕೆ ತುಂಬಿ, ಚೀಲವನ್ನು ಯೂನಿಟ್ಟಿನಲ್ಲಿ ಕಟಿಂಗ್ ಮಿಷನ್ನಿನ ಹಿಂದೆ ಒಗೆಯಲು ಮಾಣಿಕನಿಗೆ ಹೇಳಿ, ರೇವಪ್ಪನವರು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚೇ ಉಂಡರು. ಮರುದಿನ ಶಾಂತಾಬಾಯಿ ಕೊಡಂಗಲ್ಲಿನಿಂದ ಮರಳಿದರು, ಹೈದರಾಬಾದಿನ ಮುದುಕರೂ ಬಂದು ಕಾಲು ಜೋಡಿಸಿ ಶ್ರುತಿ ಮಾಡಿದರು. ಇಷ್ಟು ದೂರ ಬಂದರೂ ಒಂದು ತಂತಿಯೂ ಅಲುಗಿಲ್ಲ ಎಂದು ಅವರು ಹೊಗಳಿದಾಗ ರೇವಪ್ಪನವರು ಗಡ್ಡ ಸವರಿಕೊಂಡು ಮೇಲೆ ನೋಡಿದರು. ಎಲ್ಲ ಮನೆಗಳೂ ಖಣ್ ಅನ್ನುತ್ತಿದ್ದವು. ಒಂದು ಬತ್ತಿ ಜಾರಿ ಪಿಯಾನೋದ ತಳದ ಮೂಲೆಯಲ್ಲೆಲ್ಲೋ ಮಲಗಿದ್ದು ಮುದುಕರಿಗೂ ಕಾಣಲಿಲ್ಲ.

ಇಷ್ಟಕ್ಕೆ ನಿಂತಿದ್ದರೆ ಅವರು ರೇವಪ್ಪನವರೇ ಅಲ್ಲ. ಈ ಸಂಗೀತದಲ್ಲಿ ಒಂದೊಂದು ರಚನೆಗೆ ಮೂರು ಭಾಗ ಇರುತ್ತದೆ, ನಡುವೆ ಒಂದು ಗಳಿಗೆ ಮೌನ, ಆಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಮೂರೂ ಮುಗಿದ ಮೇಲೆ ತಟ್ಟುತ್ತಾರೆ ಎಂದು ಪ್ರೇಮಲಾ ಮಾತಿಗೆ ಮಾತು ಬಂದು ಹೇಳಿದ್ದಳು. ಅಷ್ಟೇ ಸಾಕಾಯಿತು. ತಾಂಡೂರಿನ ಮಾನ ಕಾಯುವ ಎರಡನೆಯ ಜಿಮ್ಮಾ ಅವರ ಹೆಗಲೇರಿತು. ದಾಲ್ ಮಿಲ್ಲಿಗೆ ಹೋದರು, ಕ್ಷೌರದ ಅಂಗಡಿಗೆ ಹೋದರು, ಬಸ್ ಸ್ಟ್ಯಾಂಡಿನ ಮುಂದಿನ ಚಹದ ಅಂಗಡಿಯಲ್ಲಿ ಬೆಂಚಿನ ಮೇಲೆ ನಿಂತೇ ಹೇಳಿದರು. ಭಾನುವಾರ ನಾನು ಮೊದಲ ಸಾಲಿನಲ್ಲಿ ಕೂತಿರುತ್ತೇನೆ, ನಾನು ಬಲಗೈ ಮೇಲೆತ್ತಿದರೆ ಮಾತ್ರ ಚಪ್ಪಾಳೆ, ಅಲ್ಲಿಯವರೆಗೆ ಕೈ ತೊಡೆಯ ಮೇಲೆ. ಸಂಜೀವಕುಮಾರರು ಇದನ್ನೇ ಶುಕ್ರವಾರದ ಭಜನೆ ನಡುವೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಮೈಕಿನಲ್ಲಿ ಸಾರಿದರು.

ಶನಿವಾರ ಮಧ್ಯಾಹ್ನ ಶಾಂತಾಬಾಯಿ ಟ್ರಂಕಿನ ಮುಂದೆ ಕೂತಿದ್ದರು. ಸುತ್ತಲೂ ಸೀರೆಗಳ ರಾಶಿ.

“ನನ್ನ ನಾರಾಯಣಪೇಟ ಸೀರಿ ಕಾಣವಲ್ದಲ್ರಿ. ಬದನಿಕಾಯಿ ಬಣ್ಣದ್ದು.”

ರೇವಪ್ಪನವರ ಕೈಯಲ್ಲಿದ್ದ ಪೇಪರು ಮಿಸುಕಾಡಲಿಲ್ಲ. “ಯಾವುದು?”

“ನಮ್ಮವ್ವ ಕಡೀ ಸಲ ಉಡಿ ತುಂಬಿದಾಗ ಕೊಟ್ಟದ್ದು. ಪ್ರೇಮಲಾನ ಕಛೇರಿಗೆ ಉಟ್ಕೊಬೇಕಂತ ತಳದಾಗ ಜೋಪಾನ ಇಟ್ಟಿದ್ದೆ.”

ಅತ್ತೆಯವರು ತೀರಿ ಒಂಬತ್ತು ವರ್ಷವಾಗಿತ್ತು. ರೇವಪ್ಪನವರು ಪೇಪರು ಮಡಿಸಿದರು. ಸೀರೆಗಳ ಲೋಕದಲ್ಲಿ ಶಾಸ್ತ್ರ ತಿರುಗಾಮುರುಗಾ, ಅಲ್ಲಿ ಎಲ್ಲಕ್ಕಿಂತ ಬೇಕಾದದ್ದೇ ತಳ ಸೇರುತ್ತದೆ ಎಂಬ ಸತ್ಯ ಅವರಿಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಹೊಳೆಯಿತು. ಈಗ ಬಾಯಿ ಬಿಟ್ಟು ಹೇಳಿಬಿಡಬೇಕಿತ್ತು. ಬಾಯಿಯೇನೋ ಬಿಟ್ಟರು, ಬಂದದ್ದು ಬೇರೆ.

“ಇಸ್ತ್ರಿಗೆ ಕೊಟ್ಟೀನಿ. ನಾನೇ ಕೊಟ್ಟೀನಿ.”

“ನೀವು ಕೊಟ್ಟೀರಿ,” ಎಂದರು ಶಾಂತಾಬಾಯಿ. ಮೂವತ್ತಾರು ವರ್ಷದ ಸಂಸಾರದಲ್ಲಿ ತಮ್ಮ ಬನಿಯನ್ನನ್ನೂ ಹುಡುಕಿಕೊಳ್ಳದ ಗಂಡನ ಮುಖವನ್ನು ಒಂದು ಕ್ಷಣ ನೋಡಿದರು. “ಹಂಗಾರ ಬರ್ತದ ಬಿಡ್ರಿ. ಎಲ್ಲಿ ಹೋಗ್ತದ.” ಅವರು ಇನ್ನೇನೂ ಕೇಳದೆ ಸೀರೆಗಳನ್ನು ಮಡಿಸಿಡತೊಡಗಿದರು. ಹೆಂಡತಿ ಇಷ್ಟು ಬೇಗ ನಂಬಿದ್ದು ರೇವಪ್ಪನವರಿಗೆ ಸಮಾಧಾನ ತರಬೇಕಿತ್ತು, ಯಾಕೋ ತರಲಿಲ್ಲ.

ಭಾನುವಾರ ಬಂತು. ಮಧ್ಯಾಹ್ನ ಮಾಣಿಕ ಮತ್ತು ಏಳು ಮಂದಿ ಯೂನಿಟ್ಟಿನ ಆಳುಗಳು ಪಿಯಾನೋವನ್ನು ಓರೆ ಮಾಡಿ ಹೆಗಲು ಕೊಟ್ಟು ವೇದಿಕೆಗೆ ಏರಿಸಿದರು. ಒಳಗೆ ಮಲಗಿದ್ದ ಬತ್ತಿಗೆ ಆಗ ಎಚ್ಚರವಾಗಿ, ಅದು ಉರುಳಿ ತನಗೆ ಬೇಕಾದ ಜಾಗ ಹುಡುಕಿಕೊಂಡಿತು. ಹಾರದವರು, ಮೈಕಿನವರು, ಫೋಟೋದವರು ಮುತ್ತಿಕೊಂಡಿದ್ದರಿಂದ ಪ್ರೇಮಲಾ ನಾಲ್ಕು ಮನೆ ಒತ್ತಿ ನೋಡಿ ಸರಿ ಇದೆ ಎಂದಳು. ಐದು ಗಂಟೆಗೆ ಹಾಲು ತುಂಬಿತ್ತು. ಕೊಡಂಗಲ್ಲಿನ ಬೀಗರು ಬಂದಿದ್ದರು, ಮಿಲ್ಲಿನವರು ಬಂದಿದ್ದರು, ಮಕ್ಕಳನ್ನು ಕ್ಲಾಸಿಗೆ ಕಳಿಸಲೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದ ತಂದೆತಾಯಿಗಳು ಮೂರನೆಯ ಸಾಲಿನಿಂದ ಹಿಂದಕ್ಕೆ ಕೂತಿದ್ದರು. ಮುನ್ನೂರು ಮಂದಿಯ ಆರುನೂರು ಕೈ ತೊಡೆಯ ಮೇಲೆ!

ಮೊದಲ ರಚನೆ ಚಿಕ್ಕದು. ಪ್ರೇಮಲಾ ಕೂತಳು, ಬೆರಳು ಮುಟ್ಟಿಸಿದಳು. ನಿದ್ದೆ ಬಂದರೆ ಏನು ಮಾಡುವುದೆಂದು ಜೇಬಿನಲ್ಲಿ ಏಲಕ್ಕಿ ಇಟ್ಟುಕೊಂಡು ಬಂದಿದ್ದ ರೇವಪ್ಪನವರು ಏಲಕ್ಕಿ ಮರೆತರು. ಹೊಸದಾಗಿ ಪಾಲಿಶ್ ಆದ ಬಂಡೆಯ ಮೇಲೆ ನೀರು ಹರಿದಂತೆ ಆ ನಾದ ಹರಿಯಿತು. ತಮ್ಮ ಮಡಿಲಲ್ಲಿ ಮೂಗು ಸುರಿಸುತ್ತ ಕೂತಿದ್ದ ಕೂಸು ಇದೇನಾ ಎಂದು ಅವರಿಗೆ ನಂಬಲಾಗಲಿಲ್ಲ. ಬೆರಳುಗಳು ಓಡುತ್ತಿದ್ದರೂ ಅವಳ ಮುಖದಲ್ಲಿ ಅವಸರವಿರಲಿಲ್ಲ. ಮುಗಿದಾಗ ಅವರು ಹೆಮ್ಮೆಯಿಂದ ಬಲಗೈ ಎತ್ತಿದರು. ಹಾಲಿನಲ್ಲಿ ಒಂದೇ ಸಮನೆ ಚಪ್ಪಾಳೆ ಬಿತ್ತು, ಕೈ ಇಳಿಸಿದೊಡನೆ ನಿಂತಿತು. ಇಂಥ ಶಿಸ್ತು ತಾಂಡೂರು ಎಂದೂ ಕಂಡಿರಲಿಲ್ಲ.

ಎರಡನೆಯದು ಮೂರು ಭಾಗದ ದೊಡ್ಡ ರಚನೆ, ಆ ಸಂಜೆಯ ಮುಖ್ಯ ಅಡುಗೆ. ಮೊದಲ ಭಾಗ ಅರ್ಧ ಆಗಿರಬೇಕು, ನಡು ಎತ್ತರದ ಒಂದು ಮನೆ ಬೊದ್ ಅಂದಿತು.

ಹಾಲಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಅದೂ ಸಂಗೀತವೇ ಇರಬೇಕೆಂದು ಕೆಲವರು ತಲೆಯಾಡಿಸಿದರು ಕೂಡ. ಗೊತ್ತಾದದ್ದು ಇಬ್ಬರಿಗೆ. ಪ್ರೇಮಲಾಳ ಹುಬ್ಬು ಒಂದಿಷ್ಟು ಮೇಲೇರಿತು. ರೇವಪ್ಪನವರ ಬೆನ್ನು ನೆಟ್ಟಗಾಯಿತು. ಮತ್ತೊಮ್ಮೆ ಬೊದ್. ಅದು ಬಿರುಕಲ್ಲ, ಬಿರುಕಿನ ಬೊದ್ ಬೇರೆ. ಇದು ಬಟ್ಟೆಯ ಬೊದ್. ನಲವತ್ತು ವರ್ಷ ಕುಟ್ಟಿ ಕುಟ್ಟಿ ಹದವಾದ ಕಿವಿ ಅವರಿಗೆ ಸುಳ್ಳು ಹೇಳಲಿಲ್ಲ. ಎಂಬತ್ತೆಂಟು ಬತ್ತಿಗಳಲ್ಲಿ ಒಂದು ಒಳಗಿದೆ. ತಾವೇ ತುರುಕಿದ್ದು. ಅದರ ಬಣ್ಣವೂ ಅವರಿಗೆ ಗೊತ್ತು!

ಎರಡನೆಯ ಭಾಗ ಶುರುವಾಯಿತು, ನಿಧಾನದ್ದು. ಆಗ ಪ್ರೇಮಲಾ ಮಾಡಿದ್ದನ್ನು ರೇವಪ್ಪನವರು ಇವತ್ತಿಗೂ ಕಂಡಕಂಡವರಿಗೆ ಹೇಳುತ್ತಾರೆ. ಆ ಸತ್ತ ಮನೆ ಬರುವ ಜಾಗದಲ್ಲೆಲ್ಲ ಅವಳು ಅದನ್ನು ಬಿಟ್ಟು, ಅದೇ ಸ್ವರವನ್ನು ಕೆಳಗಿನ ಎತ್ತರದಲ್ಲಿ ಎತ್ತಿಕೊಂಡಳು. ಒಂದು ಕ್ಷಣವೂ ತಡವರಿಸಲಿಲ್ಲ. ಅಕ್ಕಿಯಲ್ಲಿ ಕಲ್ಲು ಕಂಡವಳು ಯಾರಿಗೂ ಹೇಳದೆ ಅದೊಂದನ್ನೇ ಆರಿಸಿ ಉಳಿದದ್ದನ್ನು ಬಡಿಸುವಂತೆ ಬಡಿಸಿದಳು. ರೇವಪ್ಪನವರಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಜೊತೆಗೆ ಭಯವೂ ಆಯಿತು. ಯಾಕೆಂದರೆ ಮೂರು ದಿನ ಪಕ್ಕದ ಕೋಣೆಯಲ್ಲಿ ಅವಳ ಅಭ್ಯಾಸ ಕೇಳಿದ ಅವರಿಗೆ ಮೂರನೆಯ ಭಾಗ ಗೊತ್ತಿತ್ತು. ಅದು ಶುರುವಾಗುವುದೇ ಆ ಒಂದು ಸ್ವರದಿಂದ. ಒಂಟಿಯಾಗಿ, ಗಂಟೆ ಬಾರಿಸಿದಂತೆ, ಮತ್ತೆ ಮತ್ತೆ. ಕೊನೆಯವರೆಗೂ ಉಳಿದ ಸಂಗೀತವೆಲ್ಲ ಆ ಗಂಟೆಯ ಸುತ್ತಲೇ ತಿರುಗುತ್ತದೆ. ಗಂಟೆಯನ್ನು ಬಿಟ್ಟು ಗಂಟೆ ಬಾರಿಸುವ ಉಪಾಯ ಯಾವ ಟೀಚರೂ ಕಲಿಸಿರಲಾರರು.

ಎರಡನೆಯ ಭಾಗ ಮುಗಿಯಿತು. ಮೌನ.

ಅವರೇ ಮನೆಮನೆಗೆ ಹೋಗಿ ಕಲಿಸಿದ ಮೌನ. ಒಬ್ಬರೂ ಕೆಮ್ಮಲಿಲ್ಲ. ಪ್ರೇಮಲಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಆ ಒಂದು ಮನೆಯನ್ನೇ ನೋಡುತ್ತಿದ್ದಳು. ಅವಳ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ರೇವಪ್ಪನವರ ಎಡಕ್ಕೆ ಹಸಿರು ಇಳಕಲ್ ಸೀರೆ ಉಟ್ಟ ಶಾಂತಾಬಾಯಿ. ಎದ್ದು ಹೋಗಿ ಬತ್ತಿ ಹೊರಗೆ ತೆಗೆದರೆ ಅದು ಮುನ್ನೂರು ಮಂದಿಗೆ ಚಿಂದಿ, ಒಬ್ಬಳಿಗೆ ಮಾತ್ರ ತಾಯಿಯ ಸೀರೆ. ಎದ್ದು ಹೋಗದೆ ಕೂತರೆ ಯಾರಿಗೂ ಏನೂ ತಿಳಿಯುವುದಿಲ್ಲ, ಹುಡುಗಿಯ ಕಛೇರಿ ಮಾತ್ರ ಬೊದ್ ಎನ್ನುತ್ತದೆ. ಕೂತೇ ಇರುವುದಕ್ಕೆ ಹತ್ತು ಕಾರಣ ಅವರಿಗೆ ಹೊಳೆದವು, ಹತ್ತೂ ಒಳ್ಳೆಯವೇ. ಆದರೆ ಮೊಣಕಾಲುಗಳು ಆಗಲೇ ಎದ್ದು ನಿಂತಿದ್ದವು.

ಆ ನಿಶ್ಶಬ್ದದಲ್ಲಿ ಅವರ ಹೊಸ ಚಪ್ಪಲಿಯ ಕಿರ್ರ ಕಿರ್ರ ಸದ್ದು ಹಾಲಿನ ಕೊನೆಯವರೆಗೂ ಕೇಳಿಸಿತು. ಸಂಜೀವಕುಮಾರರು ಮೈಕಿನ ಪಕ್ಕದಲ್ಲಿ ಕಲ್ಲಾದರು. ರೇವಪ್ಪನವರು ಮೆಟ್ಟಿಲೇರಿ ಪಿಯಾನೋದ ಹತ್ತಿರ ಬಂದು ನಿಂತರು.

“ಏನಾತು ಮಾಮಾ?” ಎಂದಳು ಪ್ರೇಮಲಾ, ತುಟಿ ಅಲುಗಿಸದೆ.

“ಒಳಗ ನನ್ನದೊಂದು ಉಳದದ ತಾಯಿ. ತಕ್ಕೋತೀನಿ.”

ಅವರು ಹೊಟ್ಟೆಯನ್ನು ಪಿಯಾನೋದ ಅಂಚಿಗೆ ಆನಿಸಿ ಒಳಕ್ಕೆ ಬಗ್ಗಿದರು. ಅಂಗಿಯ ಗುಂಡಿ ತಂತಿಗೆ ತಾಗಿ ಝಂಯ್ ಎಂದಿತು. ಮೊಳಕೈವರೆಗೆ ಕೈ ಇಳಿಸಿ ತಡಕಾಡಿದರು. ಸಿಕ್ಕಿತು! ಆದರೆ ಬರಲಿಲ್ಲ. ಉರುಳಿದ ಬತ್ತಿ ತಂತಿಗಳ ನಡುವೆ ಶಾಸ್ತ್ರೋಕ್ತವಾಗಿಯೇ ಸಿಕ್ಕಿಕೊಂಡಿತ್ತಲ್ಲ! ಎಳೆದರು. ಇನ್ನೂ ಎಳೆದರು. ದೇವರನ್ನು ನೆನೆದು ಕೊನೆಯದಾಗಿ ಜಗ್ಗಿದಾಗ ಬತ್ತಿ ಒಮ್ಮೆಲೇ ಬಿಟ್ಟುಕೊಂಡಿತು. ರೇವಪ್ಪನವರು ಎರಡು ಹೆಜ್ಜೆ ಹಿಂದೆ ಜೋಲಿ ಹೊಡೆದರು, ಬಲಗೈ ತಾನಾಗಿ ತಲೆಯ ಮೇಲಕ್ಕೆ ಹೋಯಿತು. ಬತ್ತಿ ಬಿಚ್ಚಿಕೊಂಡು ಹಳದಿ ಅಂಚಿನ ಬದನೆಕಾಯಿ ಬಣ್ಣದ ಪಟ್ಟಿ ಫ್ಯಾನಿನ ಗಾಳಿಗೆ ಬಾವುಟದಂತೆ ಹಾರಾಡಿತು.

ಬಲಗೈ ಮೇಲೆ! ಇನ್ನೇನು ಬೇಕು? ಅರ್ಧ ಗಂಟೆಯಿಂದ ತೊಡೆಯ ಮೇಲೆ ಹಿಡಿದಿಟ್ಟ ಆರುನೂರು ಕೈ ಒಮ್ಮೆಲೇ ಬಿಡುಗಡೆಯಾದವು. ಹಾಲು ಹಾರಿಹೋಗುವಂಥ ಚಪ್ಪಾಳೆ. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ಕೊಡಂಗಲ್ಲಿನ ಬೀಗರು, ಇದೂ ಕಛೇರಿಯ ಭಾಗವೇ ಇರಬೇಕು, ಮುಂದೆ ಪಾರಿವಾಳವೂ ಬರಬಹುದೆಂದು ಪಕ್ಕದವರಿಗೆ ಹೇಳಿದರಂತೆ. ರೇವಪ್ಪನವರು ಗಾಬರಿಯಲ್ಲಿ ಕೈ ಇಳಿಸಿದರು. ಚಪ್ಪಾಳೆ ಕಡಿದಂತೆ ನಿಂತಿತು.

ಹಾಲಿನಲ್ಲಿ ಚಪ್ಪಾಳೆ ತಟ್ಟದಿದ್ದವರು ಒಬ್ಬರೇ. ಶಾಂತಾಬಾಯಿ ಆ ಪಟ್ಟಿಯನ್ನೇ ನೋಡುತ್ತಿದ್ದರು. ರೇವಪ್ಪನವರು ಅದನ್ನು ಮುಷ್ಟಿಯಲ್ಲಿ ಮುದುಡಿ ಹಿಡಿದುಕೊಂಡು, ಬಂದ ದಾರಿಯಲ್ಲೇ ಕಿರ್ರ ಕಿರ್ರ ಎನ್ನುತ್ತ ಇಳಿದು ಬಂದು ಅವರ ಪಕ್ಕದಲ್ಲಿ ಕೂತರು. ತಲೆ ಎತ್ತಲಿಲ್ಲ.

ವೇದಿಕೆಯ ಮೇಲೆ ಪ್ರೇಮಲಾ ಆ ಮನೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಒತ್ತಿದಳು. ಖಣ್.

ಅವಳ ಮುಖ ಅರಳಿದ್ದನ್ನು ಮುನ್ನೂರು ಮಂದಿಯೂ ಕಂಡರು. ಆಮೇಲೆ ಅವಳು ಮೂರನೆಯ ಭಾಗವನ್ನು ನುಡಿಸಿದಳು. ಗಂಟೆ ಬಾರಿಸಿತು, ಬಾರಿಸುತ್ತಲೇ ಹೋಯಿತು. ಅದರ ಸುತ್ತ ಒಂದೊಂದೇ ಸ್ವರ ಬಂದು ನೆರೆಯಿತು, ಎಡಗೈ ಕೆಳಗಿನಿಂದ ಗುಡುಗಿತು, ಬಲಗೈ ಮೇಲಿನಿಂದ ಇಳಿದು ಬಂತು, ಆದರೂ ನಡುವಿನ ಆ ಗಂಟೆ ತನ್ನ ಪಾಡಿಗೆ ತಾನು ತಣ್ಣಗೆ ಕೇಳುತ್ತಿತ್ತು. ರೇವಪ್ಪನವರಿಗೆ ಸೀರೆ ಮರೆತುಹೋಯಿತು, ಸುಳ್ಳು ಮರೆತುಹೋಯಿತು, ಪಕ್ಕದಲ್ಲಿ ಕೂತ ಹೆಂಡತಿಯೂ ಮರೆತುಹೋದರು. ಇಷ್ಟು ವರ್ಷ ಬಂಡೆ ಕುಟ್ಟಿ ತಾವು ಹುಡುಕುತ್ತಿದ್ದ ಖಣ್ ಇದೇ ಇರಬೇಕೆನ್ನಿಸಿ ಅವರು ಮಕ್ಕಳ ಹಾಗೆ ಅತ್ತರು.

ಕೊನೆಯ ಗಂಟೆ ಗಾಳಿಯಲ್ಲಿ ಕರಗಿತು. ಪ್ರೇಮಲಾ ಎದ್ದು ಕೈ ಮುಗಿದಳು. ಚಪ್ಪಾಳೆಯೇ ಇಲ್ಲ!

ಹಾಲು ಹಾಲೇ ಉಸಿರು ಬಿಗಿಹಿಡಿದು ಮೊದಲ ಸಾಲಿನ ಕಡೆ ನೋಡುತ್ತಿತ್ತು. ಪ್ರೇಮಲಾಳ ಮುಗುಳುನಗೆ ಬಾಡತೊಡಗಿತ್ತು. ರೇವಪ್ಪನವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು. ಆಗ ಶಾಂತಾಬಾಯಿ ಗಂಡನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಬರೆಯಲೊಲ್ಲದ ಮಗುವಿನ ಕೈ ಹಿಡಿದು ಎತ್ತುವಂತೆ ನೆಟ್ಟಗೆ ಮೇಲೆತ್ತಿದರು. ಮುಷ್ಟಿಯಿಂದ ಬದನೆಕಾಯಿ ಬಣ್ಣ ಇಣುಕುತ್ತಿತ್ತು. ಆ ಸಂಜೆಯ ಚಪ್ಪಾಳೆ ರೈಲ್ವೆ ಸ್ಟೇಷನ್ನಿನವರೆಗೆ ಕೇಳಿಸಿತೆಂದು ಮಾಣಿಕ ಹೇಳುತ್ತಾನೆ. ಈ ಮಾತಿಗೆ ಅವನಿಗೆ ಕೆಮ್ಮು ಬರುವುದಿಲ್ಲ.

ಹಾಲಿನ ಬಾಗಿಲಲ್ಲೇ ತಂದೆತಾಯಿಗಳು ಪ್ರೇಮಲಾಳನ್ನು ಮುತ್ತಿಕೊಂಡರು. ಕ್ಲಾಸು ಯಾವಾಗಿನಿಂದ, ಎಷ್ಟು ವಯಸ್ಸಿಗೆ ಸೇರಿಸಬಹುದು, ತಮ್ಮ ಮಗಳ ಬೆರಳು ಉದ್ದವಿದೆ ನೋಡಿ ಎಂದು ಒಬ್ಬರ ಮೇಲೊಬ್ಬರು ಬಿದ್ದರು. ಮದುವೆ ಮೆರವಣಿಗೆಯ ಮಾತೆತ್ತಿದ್ದ ಗೃಹಸ್ಥರು ಇಬ್ಬರು ಮಕ್ಕಳ ಹೆಸರು ಬರೆಸಿದರು. ಪ್ರೇಮಲಾ ಆ ಗದ್ದಲದ ನಡುವಿನಿಂದ ಬಂದು ಮಾಮನ ಕಾಲು ಮುಟ್ಟಿದಳು. ಆಶೀರ್ವಾದಕ್ಕೆ ಎತ್ತಿದ ಕೈಯಲ್ಲೂ ಆ ಪಟ್ಟಿಯೇ ಇತ್ತು.

ಮನೆ ಹತ್ತಿರವೇ. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ನಡೆದು ಬಂದರು. ಪಡಸಾಲೆಯಲ್ಲಿ ಪಿಯಾನೋಕ್ಕೆಂದು ಖಾಲಿ ಮಾಡಿದ ಜಾಗ ಕಾಯುತ್ತಿತ್ತು. ರೇವಪ್ಪನವರು ಚಪ್ಪಲಿ ಬಿಟ್ಟು, ಕೂರದೆ, ಗೋಡೆಗೆ ಆತು ನಿಂತು ಶುರು ಮಾಡಿದರು. ಟ್ರಂಕು ತೆರೆದದ್ದು, ತಳದಿಂದ ತೆಗೆದದ್ದು, ಹರಿದದ್ದು, ಹೊಸೆದದ್ದು, ತುರುಕಿದ್ದು, ಇಸ್ತ್ರಿಯ ಸುಳ್ಳು, ಕಟಿಂಗ್ ಮಿಷನ್ನಿನ ಹಿಂದೆ ಒಗೆದ ಚೀಲ, ಒಂದನ್ನೂ ಬಿಡಲಿಲ್ಲ. ನಾಳೆ ಬೆಳಿಗ್ಗೆಯೇ ಹೋಗಿ ಆ ಚೀಲ ತರುತ್ತೇನೆ, ಇಲಿ ಕಡಿದಿರದಿದ್ದರೆ ಒಂದಿಷ್ಟಾದರೂ ಉಳಿದಿರಬಹುದು ಎಂದರು. ಕೊನೆಗೆ ಧ್ವನಿ ಸಣ್ಣದಾಯಿತು.

“ನಿಮ್ಮವ್ವನ ಸೀರಿ ಅಂತ ಖರೇನೇ ಗೊತ್ತಿರಲಿಲ್ಲ ಶಾಂತಾ. ತಪ್ಪಾತು.”

ಶಾಂತಾಬಾಯಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ದೊಡ್ಡ ಗಂಟು. ಅದನ್ನು ನೆಲದ ಮೇಲೆ ಹರಡಿದರು.

ಕೌದಿ. ಬದನೆಕಾಯಿ ಬಣ್ಣದ ಪಟ್ಟಿಗೆ ಪಟ್ಟಿ ಜೋಡಿಸಿ, ಹಳದಿ ಅಂಚುಗಳನ್ನು ಸುತ್ತಲೂ ಕೂಡಿಸಿ, ಹಳೆಯ ಧೋತರವೊಂದರ ಮೇಲೆ ದೊಡ್ಡ ದೊಡ್ಡ ಹೊಲಿಗೆ ಹಾಕಿ ಹಿಡಿಸಿದ ಕೌದಿ. ಬತ್ತಿಯ ಸುಕ್ಕುಗಳನ್ನೆಲ್ಲ ಇಸ್ತ್ರಿ ಹಾಕಿ ಬಿಡಿಸಲಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಅಂಚು ಕಡಿದು, ಒಂದು ಪಟ್ಟಿಯಷ್ಟು ಜಾಗದಲ್ಲಿ ಬಿಳಿ ಧೋತರ ಇಣುಕುತ್ತಿತ್ತು.

ರೇವಪ್ಪನವರು ಬಗ್ಗಿ ಆ ಖಾಲಿ ಮೂಲೆಯನ್ನು ಮುಟ್ಟಿ ನೋಡಿದರು.

“ಮಾಣಿಕಣ್ಣ ಗುರುವಾರನೇ ಚೀಲ ತಂದು ಕೊಟ್ಟಾನ,” ಎಂದರು ಶಾಂತಾಬಾಯಿ, ಸೂಜಿ ಹುಡುಕುತ್ತ. “ಒಗಿಯಂದ್ರ ಒಗಿಯಾಕ ಮನಸಾಗಲಿಲ್ಲಂತ ಅವಗ. ಒಂದು ಪಟ್ಟಿ ಕಡಿಮಿ ಬಿತ್ತು. ಅವನೇ ಗಾಡಿ ಒರಸಾಕ ಇಟ್ಕೊಂಡಿರಬೇಕು ಅಂದ್ಕೊಂಡೆ.”

“ಮತ್ತ ನಿನ್ನೆ ಟ್ರಂಕಿನ ಮುಂದ ಕುಂತು ಹುಡುಕಿದ್ದು?”

“ನಿಮ್ಮ ಬಾಯಿಂದ ಬರ್ತದೇನಂತ ಹುಡುಕಿದೆ. ಬಾಯಿಂದ ಬರಲಿಲ್ಲ, ಪಿಯಾನೋದಾಗಿಂದ ಬಂತು.”

ಅವರು ಕೈ ಚಾಚಿದರು. ರೇವಪ್ಪನವರು ಬೆವರಿಗೆ ಒದ್ದೆಯಾಗಿದ್ದ ಎಂಬತ್ತೆಂಟನೆಯ ಪಟ್ಟಿಯನ್ನು ಆ ಕೈಯಲ್ಲಿ ಇಟ್ಟರು. ಶಾಂತಾಬಾಯಿ ಅದನ್ನು ತೊಡೆಯ ಮೇಲೆ ಸವರಿ, ಖಾಲಿ ಜಾಗದಲ್ಲಿ ಹಿಡಿದು ನೋಡಿದರು. ಅಂಚಿಗೆ ಅಂಚು ಕೂಡಿತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅವ್ವನ ಸೀರೆ ಟ್ರಂಕಿನ ತಳದಲ್ಲಿ ಕೂತು ಏನು ಮಾಡುತ್ತಿತ್ತು, ಇನ್ನು ದಿನಾ ಕಣ್ಣ ಮುಂದಿರುತ್ತದೆ ಎಂದು ತಮಗೆ ತಾವೇ ಹೇಳಿಕೊಂಡಂತೆ ಮೆಲ್ಲಗೆ ಅಂದರು. ನಲವತ್ತು ವರ್ಷ ಬಂಡೆಗಳ ನಡುವೆ ಕಳೆದ ರೇವಪ್ಪನವರಿಗೆ ಆ ಗಳಿಗೆಯಲ್ಲಿ ಹೆಂಡತಿಯ ಮೇಲೆ ಅಭಿಮಾನ ಉಕ್ಕಿತು. ಸುಮ್ಮನೆ ನೆಲಕ್ಕೆ ಕೂತು, ಕನ್ನಡಕ ಏರಿಸಿ, ಮೂರು ಸಲ ತಪ್ಪಿ ನಾಲ್ಕನೆಯ ಸಲಕ್ಕೆ ಸೂಜಿಗೆ ದಾರ ಪೋಣಿಸಿ ಕೊಟ್ಟರು.

“ಯಾರಿಗೆ ಹೊದಿಸಾಕ ಇದು?” ಎಂದು ಕೇಳಿದರು.

“ಪಿಯಾನೋಕ್ಕ. ನಾಳೆ ಮನಿಗೆ ಬರ್ತದಲ್ರಿ.” ಶಾಂತಾಬಾಯಿ ದಾರವನ್ನು ಗಂಟು ಹಾಕಿ ಹಲ್ಲಿನಿಂದ ಕತ್ತರಿಸಿದರು. “ಈ ಸಲ ಹೊರಗ ಹೊದಸ್ರಿ.”